ಕೈಕೆಲಸದ ಪೀಠೋಪಕರಣ ಮತ್ತು ಕರಕುಶಲ ಪ್ರದರ್ಶನ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಆಚಾರಿಗಳು, ಬುಟ್ಟಿ ಹೆಣೆಯುವವರು, ಚಾಪೆ ನೇಯುವವರು ಪ್ರದರ್ಶನಗಳಲ್ಲಿ ಮಳಿಗೆ ಹಾಕುವಾಗ ನಾನು ಅವರ ಜೊತೆ ನಿಲ್ಲುತ್ತೇನೆ. ನೋಡಲು ಬಂದವರು, ಕೊಂಡವರು, ಮಳಿಗೆ ಹಾಕಬೇಕೆಂದಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೇ ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಕಾಗದಪತ್ರದ ತಲೆನೋವು ಆಮೇಲೆ.

## ಮೊದಲ ಸಲ ಬರುವವರು ಕೇಳುವುದು

ಸುಮ್ನೆ ನೋಡ್ಲಿಕ್ಕೆ ಬರಬಹುದಾ? ಏನೂ ತಗೊಳ್ಳದಿದ್ರೆ ಅವರಿಗೆ ಬೇಜಾರಾಗ್ಲಿಕ್ಕಿಲ್ವಾ?

ಖಂಡಿತ ಬನ್ನಿ. ಮರ ಮುಟ್ಟಿ ನೋಡಿ, ಕುರ್ಚಿಯಲ್ಲಿ ಕೂತು ನೋಡಿ, ಮೇಜಿನ ಅಡಿ ಬಗ್ಗಿ ನೋಡಿ. ಹಾಗೆ ನೋಡುವವರು ಬಂದರೆ ಮಾಡಿದವರಿಗೆ ಖುಷಿ. ಪೀಠೋಪಕರಣವನ್ನು ಯಾರೂ ಐದು ನಿಮಿಷದಲ್ಲಿ ಕೊಳ್ಳುವುದಿಲ್ಲ. ಇವತ್ತು ನೋಡಿ ಹೋದವರು ಮನೆ ಒಕ್ಕಲಿನ ಹೊತ್ತಿಗೆ ಫೋನ್ ಮಾಡುವುದೇ ಜಾಸ್ತಿ. ಒಂದೇ ಒಂದು ವಿನಂತಿ: ಬುಟ್ಟಿ, ಗೊಂಬೆ, ಕೆತ್ತನೆಯ ಸಣ್ಣ ವಸ್ತುಗಳನ್ನು ಎತ್ತುವ ಮೊದಲು ಕೇಳಿ. ಪಾಲಿಶ್ ಪೂರ್ತಿ ಒಣಗದ ಸಾಮಾನು ಕೆಲವೊಮ್ಮೆ ಇರುತ್ತದೆ.

ಕಾಸರಗೋಡಿನ ಕೈಕೆಲಸ ಅಂದ್ರೆ ಸೀರೆ ಮಾತ್ರ ಅಲ್ವಾ? ಬೇರೆ ಎಂತ ಉಂಟು?

ಕಾಸರಗೋಡಿನ ಹತ್ತಿ ಸೀರೆಗೆ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಇದೆ, ಅದರ ಹೆಸರು ದೂರ ಹೋಗಿದೆ. ಆದರೆ ಇಲ್ಲಿ ಕೈಗಳಿಗೆ ಗೊತ್ತಿರುವ ಕೆಲಸ ಅಷ್ಟೇ ಅಲ್ಲ.

ಚೆನ್ನೆಮಣೆಯನ್ನೇ ನೋಡಿ. ಒಂದು ಬದಿಗೆ 7, ಇನ್ನೊಂದು ಬದಿಗೆ 7, ಒಟ್ಟು 14 ಗುಳಿ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕೂತು ಆಡುವ ಆಟದ ಹಲಗೆ. ಕಾಯಿ ಎಂದರೆ ಕೆಂಪು ಮಂಜೊಟ್ಟಿ ಬೀಜ. ಗುಳಿಯ ಒಳಮೈ ಬೆರಳಿಗೆ ಚುಚ್ಚದಂತೆ ನುಣ್ಣಗಿರಬೇಕು, ಕಾಯಿ ಸುಲಭವಾಗಿ ಗೋರಿ ತೆಗೆಯುವಷ್ಟು ಆಳ ಇರಬೇಕು, ಹಾರಿ ಹೊರಗೆ ಬೀಳಬಾರದು. ಇದು ಕೈಗೆ ಬರಲು ವರ್ಷಗಳು ಬೇಕು. ಹೆರೆಮಣೆ, ಕಾಲುಮಣೆ, ತೊಟ್ಟಿಲು, ಅಕ್ಕಿ ಅಳೆಯುವ ಸೇರು, ಕಳಸಿಗೆ, ಉದ್ದ ಕೈಯ ಆರಾಮ ಕುರ್ಚಿ, ಇವೆಲ್ಲ ನಮ್ಮ ಮನೆಗಳಲ್ಲಿ ಇದ್ದದ್ದೇ.

ಕೊರಗ ಸಮುದಾಯದವರು ಕಾಡಿನ ಬಳ್ಳಿಯಲ್ಲಿ, ಬಿದಿರಿನಲ್ಲಿ ಹೆಣೆಯುವ ಬುಟ್ಟಿಗಳ ಗಟ್ಟಿತನಕ್ಕೆ ಪ್ಲಾಸ್ಟಿಕ್ ಸಮ ಬರುವುದಿಲ್ಲ. ಕೇದಗೆ ಜಾತಿಯ ಮುಂಡೇವಿನ ಎಲೆಯ ಮುಳ್ಳು ತೆಗೆದು, ಒಣಗಿಸಿ, ಸೀಳಿ ನೇಯ್ದ ಚಾಪೆ ಇದೆ. ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ ಇದೆ. ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರಿದ್ದಾರೆ. ದೈವಾರಾಧನೆಯಾದ ತೆಯ್ಯಂನಲ್ಲಿ ತಲೆಗೇರಿಸುವ ಮುಡಿ ಕಟ್ಟುವವರಿದ್ದಾರೆ. ಆದರೆ ಆ ಮುಡಿ ಪೂಜೆಯ ವಸ್ತು. ಅದನ್ನು ಮಾರಾಟಕ್ಕೆ ಕೇಳಬೇಡಿ, ಅವರು ಕೊಡುವುದೂ ಇಲ್ಲ.

ಪ್ರದರ್ಶನ ಎಲ್ಲ ಡಿಸೆಂಬರ್‌ನಿಂದ ಏಪ್ರಿಲ್ ಒಳಗೇ ಯಾಕೆ?

ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪೆಂಡಾಲ್ ಅಡಿ ಮರದ ಸಾಮಾನು ಇಟ್ಟರೆ ಹಾಳಾಗುತ್ತದೆ. ಜಾತ್ರೆ, ನೇಮ, ತೆಯ್ಯಂ, ಯಕ್ಷಗಾನ ಎಲ್ಲ ಬೇಸಗೆಯಲ್ಲೇ ಇರುವುದರಿಂದ ಜನವೂ ಆಗಲೇ ಓಡಾಡುವುದು.

ಇದು ನಿಜವಾಗ್ಲೂ ಕೈಯಲ್ಲೇ ಮಾಡಿದ್ದಾ? ಮೆಷಿನ್ ಮುಟ್ಟಲೇ ಇಲ್ವಾ?

ಇವತ್ತು ಮರ ಸೀಳುವುದು ಮಿಲ್ಲಿನಲ್ಲೇ. ಹಲಗೆ ಮಟ್ಟ ಮಾಡಲು ಹೆಚ್ಚಿನವರು ಮೆಷಿನ್ ಬಳಸುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ನಾನು ನೋಡುವುದು ಬೇರೆ: ಯಾವ ಹಲಗೆ ಎಲ್ಲಿಗೆ, ಮರದ ಎಳೆ ಯಾವ ಕಡೆಗೆ, ಜೋಡಣೆ ಹೇಗೆ ಅಂತ ತೀರ್ಮಾನಿಸಿದ್ದು ಯಾರು? ಜೋಡಣೆಯನ್ನು ಉಳಿಯಿಂದ ಕೂರಿಸಿದ್ದು ಯಾರು? ಅದು ಮಳಿಗೆಯಲ್ಲಿ ನಿಂತವರೇ ಆದರೆ ನನಗೆ ಅದು ಕೈಕೆಲಸ.

ಪರೀಕ್ಷೆ ಮಾಡಬೇಕಾ? ಡ್ರಾವರ್ ಪೂರ್ತಿ ಹೊರಗೆ ಎಳೆದು ಮೂಲೆ ನೋಡಿ. ಎರಡು ಹಲಗೆಗಳು ಹಲ್ಲುಗಳಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಒಳ್ಳೆಯದು. ಬರೀ ಮೊಳೆ, ಅಂಟು ಇದ್ದರೆ ಕೇಳಿ. ಆಮೇಲೆ ಅಡಿಭಾಗ ಮುಟ್ಟಿ. ಕೈ ಕೀಸುಳಿ ಹೋದ ಕಡೆ ಬೆರಳಿಗೆ ಸಣ್ಣ ಅಲೆ ಸಿಗುತ್ತದೆ. ಎರಡು ಕಡೆಯ ಕೆತ್ತನೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಆಗಿದ್ದರೆ ಅದು ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರದ ಕೆಲಸ ಇರಬಹುದು. ಅದು ತಪ್ಪಲ್ಲ, ಆದರೆ ಕೈಕೆತ್ತನೆ ಅಂತ ಹೇಳಿ ಮಾರಬಾರದು. ಮಳಿಗೆ ಹಾಕುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ಯಾವುದನ್ನು ಮೆಷಿನ್ ಮಾಡಿತು, ಯಾವುದನ್ನು ಕೈ ಮಾಡಿತು ಅಂತ ಚೀಟಿಯಲ್ಲೇ ಬರೆಯಿರಿ.

## ಕೊಳ್ಳುವವರು ಕೇಳುವುದು

ಪೇಟೆಯಲ್ಲಿ 6 ಸಾವಿರಕ್ಕೆ ಸಿಗುವ ಟೀಪಾಯಿಗೆ ಇಲ್ಲಿ 16 ಸಾವಿರವಾ?

ಎರಡೂ ಒಂದೇ ವಸ್ತು ಅಲ್ಲ. ಪೇಟೆಯದ್ದು ಹೆಚ್ಚಾಗಿ ಮರದ ಹುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರದ ಹಾಳೆ. ಒಣ ಊರಿನಲ್ಲಿ ಅದು ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅಂಚಿನ ಪಟ್ಟಿ ಬಿಟ್ಟ ಕಡೆ ತೇವ ಒಳಗೆ ಹೋಗುತ್ತದೆ, ಹಲಗೆ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಒಮ್ಮೆ ಸಡಿಲವಾದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ. ಗಟ್ಟಿ ಮರದ ಟೀಪಾಯಿಯ ಕಾಲು ಅಲುಗಾಡಿದರೆ ಬಿಚ್ಚಿ, ಕೂಡಿಸಿ, ಮತ್ತೆ ಅಂಟಿಸಬಹುದು. ಮೇಲ್ಮೈ ಗೀರಾದರೆ ಕೀಸಿ ಹೊಸದು ಮಾಡಬಹುದು. ಅಜ್ಜನ ಕಾಲದ ಪೆಟ್ಟಿಗೆ ಈಗಲೂ ಮನೆಯಲ್ಲಿ ಇರುವುದು ಅದಕ್ಕೇ ಅಲ್ವಾ?

ಎಲ್ಲರಿಗೂ 16 ಸಾವಿರ ಕೊಡಲು ಆಗುವುದಿಲ್ಲ, ಅದು ನನಗೆ ಗೊತ್ತು. ಹಾಗಾದರೆ ಕಾಲುಮಣೆ, ಟ್ರೇ, ಸೌಟು, ಬುಟ್ಟಿಯಿಂದ ಶುರು ಮಾಡಿ. ಅದೇ ಕೈ, ಅದೇ ಮರ.

ಚರ್ಚೆ ಮಾಡಿ ಕಡಿಮೆ ಮಾಡಿಸಬಹುದಾ?

ಎರಡು ಮೂರು ಸಾಮಾನು ಒಟ್ಟಿಗೆ ಕೊಂಡರೆ ಕೇಳಿ, ತಪ್ಪಿಲ್ಲ. ಒಂದು ಬುಟ್ಟಿಗೆ ಹೇಳಿದ್ದರ ಅರ್ಧಕ್ಕೆ ಕೇಳಬೇಡಿ. ಬಳ್ಳಿ ತರಲು ಕಾಡಿಗೆ ಹೋದ ದಿನದ ಕೂಲಿಯೂ ಆಗ ಉಳಿಯುವುದಿಲ್ಲ. ದೊಡ್ಡ ಅಂಗಡಿಯಲ್ಲಿ ಚೀಟಿಯ ಬೆಲೆ ಕೊಟ್ಟು ಸುಮ್ಮನೆ ಬರುವ ನಾವು ಬುಟ್ಟಿಯವರ ಹತ್ತಿರ ಮಾತ್ರ ಚೌಕಾಸಿ ಮಾಡುವುದು ಸರಿಯಲ್ಲ.

ತೇಗವೇ ಆಗಬೇಕಾ? ಬೇರೆ ಮರ ಬಾಳಿಕೆ ಬರ್ತದಾ?

ತೇಗ ಒಳ್ಳೆಯ ಮರ. ಎಣ್ಣೆ ಅಂಶ ಇರುವುದರಿಂದ ಹುಳ, ತೇವ ತಡೆಯುತ್ತದೆ, ಕಡಿಮೆ ಬಾಗುತ್ತದೆ. ಆದರೆ ಎಳೆಯ ತೋಟದ ತೇಗದಲ್ಲಿ ಹೊರಗಿನ ಬಿಳಿ ಭಾಗವೇ ಜಾಸ್ತಿ. ಆ ಬಿಳಿ ಭಾಗಕ್ಕೆ ತೇಗದ ಗುಣ ಇಲ್ಲ. ಹೆಸರಿಗೆ ತೇಗ ಕೊಳ್ಳುವ ಬದಲು ಕೆಚ್ಚು, ಅಂದರೆ ಬಲಿತ ಒಳಮರ ಇರುವ ಹೆಬ್ಬಲಸು ಕೊಳ್ಳುವುದು ಎಷ್ಟೋ ಉತ್ತಮ.

ನನ್ನ ಮನಸ್ಸು ಇರುವುದು ಹಲಸು ಮತ್ತು ಹೆಬ್ಬಲಸಿನ ಮೇಲೆ. ಎರಡೂ ನಮ್ಮ ಹಿತ್ತಲಿನವು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಬೆಳಕು ಬಿದ್ದು ಕಂದಾಗುತ್ತದೆ. ಮೃದಂಗದ ಕಳಸೆಗೆ (ಮರದ ಒಡಲಿಗೆ), ವೀಣೆಗೆ ಇದೇ ಮರ. ಹೆಬ್ಬಲಸಿನಲ್ಲಿ ದೋಣಿ ಕಟ್ಟುತ್ತಿದ್ದರು, ಅಂದ ಮೇಲೆ ತೇವ ತಡೆಯುವ ಶಕ್ತಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಕಿರಾಲುಬೋಗಿ ತುಂಬಾ ಗಟ್ಟಿ, ಭಾರ. ಕಂಬ, ತೊಲೆಗೆ ಸೂಕ್ತ, ಕುರ್ಚಿಗೆ ಎತ್ತಲಾಗದಷ್ಟು ಆಗುತ್ತದೆ. ಮಾವು ಅಗ್ಗ, ನೋಡಲು ಚಂದ, ಆದರೆ ಮದ್ದು ಹಾಕದಿದ್ದರೆ ಹುಳ ಖಂಡಿತ. ರಬ್ಬರ್ ಮರವೂ ಹಾಗೆಯೇ. ಅದರಲ್ಲಿ ಪಿಷ್ಟ ಜಾಸ್ತಿ ಇರುವುದರಿಂದ ಕಡಿದ ಕೂಡಲೇ ಬೋರಾನ್ ಮದ್ದು ಹಾಕಿಸಿರಬೇಕು. ಕೊಳ್ಳುವಾಗ ಅದನ್ನೊಂದು ಕೇಳಿ.

ತೆಂಗಿನ ಮರದಲ್ಲಿ ಕುರ್ಚಿ ಮೇಜು ಮಾಡ್ತಾರಂತೆ, ಹೌದಾ?

ಹೌದು, ಸರಿಯಾಗಿ ಮಾಡಿದರೆ ತುಂಬಾ ಚಂದ. ತೆಂಗಿನ ಸಂಶೋಧನೆ 1916ರಿಂದ ನಡೆಯುತ್ತಿರುವ ಊರು ಕಾಸರಗೋಡು. ಇಲ್ಲಿ ಹಳೆಯ ತೆಂಗಿಗೆ ಬರ ಇಲ್ಲ. ಫಲ ನಿಂತ ಮರವನ್ನು ಕಡಿದು ಸೌದೆಗೆ ಕೊಡುವ ಬದಲು ಹೀಗೆ ಬಳಸಿದರೆ ರೈತನಿಗೂ ನಾಲ್ಕು ಕಾಸು.

ತೆಂಗು ಬೇರೆ ಮರಗಳಂತೆ ಅಲ್ಲ. ಇತರ ಮರದಲ್ಲಿ ನಡುವಿನ ಕೆಚ್ಚು ಗಟ್ಟಿ, ಹೊರಗಿನದ್ದು ಮೆದು. ತೆಂಗಿನಲ್ಲಿ ತಲೆಕೆಳಗು: ಹೊರಸುತ್ತು ಗಟ್ಟಿ, ನಡುವೆ ಮೆದು. ವರ್ಷದ ಉಂಗುರವೂ ಇಲ್ಲ. ಬುಡದ ಕಡೆಯ ಹೊರಸುತ್ತಿನಿಂದ ತೆಗೆದ ಹಲಗೆಯನ್ನೇ ಕಾಲಿಗೆ, ಚೌಕಟ್ಟಿಗೆ ಬಳಸಬೇಕು. ನಡುವಿನದ್ದನ್ನು ಭಾರ ಬೀಳದ ಕಡೆ ಹಾಕಬಹುದು. ಇದರಲ್ಲಿ ಸಿಲಿಕಾ ಇರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಅದಕ್ಕೇ ಕೂಲಿ ಜಾಸ್ತಿ. ಮಳಿಗೆಯಲ್ಲಿ ತೆಂಗಿನ ಸ್ಟೂಲ್ ಕಂಡರೆ ಕಾಲಿನ ತುದಿ ನೋಡಿ. ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಇದ್ದರೆ ಗಟ್ಟಿ ಭಾಗ. ದೂರ ದೂರ ಇದ್ದರೆ ಅದು ಮೆದು.

ಬೇಸಗೆಯಲ್ಲಿ ಕೊಂಡ ಕಪಾಟಿನ ಬಾಗಿಲು ಮಳೆಗಾಲದಲ್ಲಿ ಬಿಗಿಯಾಯ್ತು. ಮೋಸ ಹೋದ್ವಾ?

ಇಲ್ಲ. ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ. ಉದ್ದದಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಪಾಲಿಶ್ ಇದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಜುಲೈಯಲ್ಲಿ ಬಿಗಿಯಾದ ಬಾಗಿಲನ್ನು ಆಗಲೇ ಕೀಸಬೇಡಿ. ಕೀಸಿದರೆ ಜನವರಿಗೆ ಬಾಗಿಲಿನ ಪಕ್ಕದಲ್ಲಿ ದೊಡ್ಡ ಸಂದಿ ಬರುತ್ತದೆ. ಮೇಣದ ಬತ್ತಿಯನ್ನು ಅಂಚಿಗೆ ಉಜ್ಜಿ, ಅಕ್ಟೋಬರ್‌ವರೆಗೆ ಕಾಯಿರಿ. ಆಗಲೂ ಬಿಗಿ ಇದ್ದರೆ ಮಾಡಿದವರನ್ನು ಕರೆಯಿರಿ, ಅವರು ಬಂದು ಸರಿಮಾಡಬೇಕು.

ಬೂಷ್ಟು ಬಂದ್ರೆ? ಸಣ್ಣ ತೂತಿನಿಂದ ಬಿಳಿ ಹುಡಿ ಬೀಳ್ತಾ ಇದ್ರೆ?

ಬೂಷ್ಟು ಮೇಲ್ಮೈಯ ತೊಂದರೆ. ಒಣ ಬಟ್ಟೆಯಲ್ಲಿ ಒರಸಿ, ಗಾಳಿ ಆಡುವಂತೆ ಗೋಡೆಯಿಂದ ಒಂದು ಗೇಣು ದೂರ ಇಡಿ. ತೆಂಗಿನೆಣ್ಣೆ ಉಜ್ಜುವ ಅಭ್ಯಾಸ ಬಿಡಿ. ಅದು ಒಣಗುವ ಎಣ್ಣೆ ಅಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ.

ಹುಡಿ ಬೇರೆ ವಿಷಯ. ಅದು ಕೊರಕ ಹುಳ. ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ. ಕೂಡಲೇ ಆ ಸಾಮಾನನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ, ಮಾಡಿದವರಿಗೆ ತಿಳಿಸಿ. ತೂತುಗಳಿಗೆ ಮದ್ದು ಬಿಟ್ಟು, ಮೇಣದಿಂದ ಮುಚ್ಚಿ, ಅಡಿಯಲ್ಲಿ ಕಪ್ಪು ಕಾಗದ ಹಾಸಿ ನೋಡಬೇಕು. ಹೊಸ ಹುಡಿ ಬಿದ್ದರೆ ಹುಳ ಇನ್ನೂ ಇದೆ ಎಂದರ್ಥ.

## ಮಳಿಗೆ ಹಾಕುವವರು ಕೇಳುವುದು

ನಾನು ಮನೆಯಲ್ಲೇ ಮಾಡುವುದು. ಸಂಘ, ಕಂಪನಿ ಎಂತದೂ ಇಲ್ಲ. ನನಗೂ ಸ್ಟಾಲ್ ಸಿಗ್ತದಾ?

ಸಿಗುತ್ತದೆ. ಊರಿನ ಸಂಘ, ಕ್ಲಬ್, ದೇವಸ್ಥಾನ, ಶಾಲೆ ನಡೆಸುವ ಪ್ರದರ್ಶನಕ್ಕೆ ಸಾಮಾನಿನ ನಾಲ್ಕು ಒಳ್ಳೆಯ ಫೋಟೋ, ಫೋನ್ ನಂಬರ್ ಸಾಕು.

ಸರ್ಕಾರಿ ಮೇಳಗಳಿಗೆ ಹೋಗಬೇಕೆಂದಿದ್ದರೆ ಪೆಹಚಾನ್ ಕಾರ್ಡ್ ಮಾಡಿಸಿ. ಇದು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ಕೊಡುವ ಗುರುತಿನ ಚೀಟಿ. ಗಾಂಧಿ ಶಿಲ್ಪ ಬಜಾರ್‌ನಂಥ ಮೇಳಗಳಿಗೆ ಇದನ್ನು ಕೇಳುತ್ತಾರೆ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಘಟಕದಲ್ಲಿ ಇರುವ ಹೆಂಗಸರಿಗೆ ಸರಸ್ ಮೇಳದ ದಾರಿ ಇದೆ. ಕೋಝಿಕ್ಕೋಡ್ ಜಿಲ್ಲೆಯ ವಡಗರ ಹತ್ತಿರದ ಇರಿಂಙಲ್‌ನ ಸರ್ಗಾಲಯ ಕರಕುಶಲ ಗ್ರಾಮದಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ದೊಡ್ಡ ಮೇಳ ನಡೆಯುತ್ತದೆ. ರೈಲಿನಲ್ಲಿ ಹೋಗಿ ಒಮ್ಮೆ ನೋಡಿ ಬನ್ನಿ. ಬೇರೆಯವರು ಮಳಿಗೆಯನ್ನು ಹೇಗೆ ಜೋಡಿಸುತ್ತಾರೆ ಅಂತ ನೋಡಿದರೇ ಅರ್ಧ ಪಾಠ.

ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಕೇಳುತ್ತಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. ಅದರ 18 ಕಸುಬುಗಳಲ್ಲಿ ಬಡಗಿ, ಬುಟ್ಟಿ ಮತ್ತು ಚಾಪೆ ಮಾಡುವವರು, ಕಮ್ಮಾರ, ಶಿಲ್ಪಿ ಸೇರಿದ್ದಾರೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ಇದೆ. ಸಾಲ ಮೊದಲ ಹಂತದಲ್ಲಿ 1 ಲಕ್ಷ, ಎರಡನೇ ಹಂತದಲ್ಲಿ 2 ಲಕ್ಷ, ಬಡ್ಡಿ ಶೇಕಡಾ 5.

ಮಂಚ, ಕಪಾಟು ಎಲ್ಲ ತರಲಿಕ್ಕಾಗ್ತದಾ? ಎಂತ ತರುವುದು?

ಎಲ್ಲ ತರಬೇಡಿ. 10 ಅಡಿಗೆ 10 ಅಡಿ ಜಾಗದಲ್ಲಿ ದೊಡ್ಡದು ಒಂದೇ ಸಾಕು, ನಿಮ್ಮ ಕೈ ಎಂಥದ್ದು ಅಂತ ತೋರಿಸುವ ಒಂದು. ಅದರ ಸುತ್ತ ಮಧ್ಯಮ ಗಾತ್ರದ ಎರಡು ಮೂರು, ಮುಂದೆ ಕೈಯಲ್ಲಿ ಹಿಡಿದು ಹೋಗುವಂಥ ಸಣ್ಣವು. ಸಣ್ಣವು ಬಸ್ಸಿನಲ್ಲಿ ಬಂದವರಿಗೆ. ಅದರಿಂದ ಮಳಿಗೆಯ ಬಾಡಿಗೆ ಹುಟ್ಟುತ್ತದೆ. ದೊಡ್ಡದರಿಂದ ಆರ್ಡರ್ ಬರುತ್ತದೆ. ಅದನ್ನು ಬಿಚ್ಚಿ ಜೋಡಿಸುವಂತೆ ಮಾಡಿದ್ದರೆ ಜೀಪಿನಲ್ಲೇ ತರಬಹುದು.

ಇನ್ನೊಂದನ್ನು ಮರೆಯಬೇಡಿ: ಅರ್ಧ ಆದ ಕೆಲಸ. ಒಂದು ಜೋಡಣೆಯ ಮಾದರಿ, ಬಿಚ್ಚಿ ತೋರಿಸುವಂಥದ್ದು. ಅರ್ಧ ಹೆಣೆದ ಬುಟ್ಟಿ. ಕೂತು ಕೆಲಸ ಮಾಡುತ್ತಿದ್ದರೆ ಜನ ತಾವಾಗಿಯೇ ನಿಲ್ಲುತ್ತಾರೆ, ಮಕ್ಕಳು ಕದಲುವುದೇ ಇಲ್ಲ. ಸಾಮಾನಿನ ಬೆಲೆ ಯಾಕೆ ಅಷ್ಟು ಎಂದು ಬಾಯಲ್ಲಿ ಹೇಳುವ ಅಗತ್ಯವೇ ಆಮೇಲೆ ಬರುವುದಿಲ್ಲ.

ಬೋರ್ಡು ಕನ್ನಡದಲ್ಲಿ ಹಾಕುವುದಾ ಮಲಯಾಳದಲ್ಲಾ?

ಎರಡರಲ್ಲೂ. ಸಪ್ತಭಾಷೆಯ ನೆಲ ನಮ್ಮದು. ತುಳು, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವವರೂ ಈ ಎರಡರಲ್ಲಿ ಒಂದನ್ನು ಓದುತ್ತಾರೆ. ಮರದ ಹೆಸರನ್ನಂತೂ ಎರಡೂ ಭಾಷೆಯಲ್ಲಿ ಬರೆಯಲೇಬೇಕು. ಹೆಬ್ಬಲಸು ಅಂದರೆ ಕಾಞಂಗಾಡ್ ಕಡೆಯ ಹೊಸದುರ್ಗದಿಂದ ಬಂದವರಿಗೆ ತಿಳಿಯುವುದಿಲ್ಲ, ಆಂಞಿಲಿ ಅಂದರೆ ಪೆರ್ಲದವರಿಗೆ ತಿಳಿಯುವುದಿಲ್ಲ. ಚೀಟಿಯಲ್ಲಿ ಮರ, ಅಳತೆ, ಪಾಲಿಶ್, ಬೆಲೆ ಇರಲಿ. ಎಲ್ಲಕ್ಕಿಂತ ಮೇಲೆ ಮಾಡಿದವರ ಹೆಸರು. ಕೆಲಸಕ್ಕೆ ಇಬ್ಬರು ಕೈ ಹಾಕಿದ್ದರೆ ಇಬ್ಬರದ್ದೂ. ತಲೆತಲಾಂತರದಿಂದ ನಮ್ಮ ಆಚಾರಿಗಳ ಕೆಲಸಕ್ಕೆ ಮನೆಯ ಯಜಮಾನನ ಹೆಸರು ಉಳಿಯಿತು, ಮಾಡಿದವನದ್ದು ಹೋಯಿತು. ಪ್ರದರ್ಶನದಲ್ಲಾದರೂ ಹಾಗಾಗಬಾರದು. ಡ್ರಾವರಿನ ಅಡಿಯಲ್ಲಿ ಹೆಸರು, ಊರು, ವರ್ಷ ಕೊರೆಯಿರಿ.

ಬೆಲೆ ಹೇಗೆ ಹಾಕುವುದು ಮಾರಾಯ್ರೆ? ಜಾಸ್ತಿ ಹೇಳಿದ್ರೆ ಹೋಗ್ತಾರೆ, ಕಡಿಮೆ ಹೇಳಿದ್ರೆ ನಷ್ಟ.

ಮೊದಲು ಮರದ ಲೆಕ್ಕ. ಮಿಲ್ಲಿನಲ್ಲಿ ದಿಮ್ಮಿ ಅಳೆಯುವ ಕ್ರಮ ಗೊತ್ತಿರಲಿ: ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು 4ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅಡಿಯಲ್ಲಿ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಅಂದರೆ 12 ಗುಣಿಸು 12, ಗುಣಿಸು 10, ಭಾಗಿಸು 144. ಸರಿಯಾಗಿ 10 ಘನ ಅಡಿ. ಸೀಳಿ, ಒಣಗಿಸಿ, ಕೀಸುವಷ್ಟರಲ್ಲಿ ಇದರಲ್ಲಿ ದೊಡ್ಡ ಪಾಲು ಹೊಟ್ಟಾಗಿ, ತುಂಡಾಗಿ ಹೋಗುತ್ತದೆ. ಸಾಮಾನಿನಲ್ಲಿ ಉಳಿದ ಮರಕ್ಕಲ್ಲ, ಅದಕ್ಕಾಗಿ ಕೊಂಡ ಮರಕ್ಕೆ ಬೆಲೆ ಹಾಕಿ.

ಒಂದು ಟೀಪಾಯಿಯ ಉದಾಹರಣೆ ನೋಡೋಣ. ದರಗಳು ನಿಮ್ಮಲ್ಲಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. 2 ಘನ ಅಡಿ ಮರ, ಅಡಿಗೆ 2,000ದಂತೆ 4,000. 6 ದಿನದ ಕೆಲಸ, ದಿನಕ್ಕೆ 1,200ರಂತೆ 7,200. ಅಂಟು, ಮರಳು ಕಾಗದ, ಪಾಲಿಶ್ 900. ಕರೆಂಟು, ಉಳಿ ಗರಗಸ ಹರಿತ ಮಾಡಿಸುವುದು, ಶೆಡ್ಡಿನ ಪಾಲು 800. ಮಳಿಗೆ ಬಾಡಿಗೆ, ಸಾಗಾಟದಲ್ಲಿ ಈ ಟೀಪಾಯಿಯ ಪಾಲು 1,100. ಒಟ್ಟು 14,000. ಇದರ ಮೇಲೆ ಶೇಕಡಾ 15 ಲಾಭ, 2,100. ಚೀಟಿಯಲ್ಲಿ 16,100.

ಹೆಚ್ಚಿನವರು ಬಿಡುವುದು ತಮ್ಮ ಕೂಲಿಯನ್ನೇ. ಮನೆಯಲ್ಲೇ ಮಾಡಿದ್ದು, ಸಂಜೆ ಹೊತ್ತು ಮಾಡಿದ್ದು, ಅದಕ್ಕೆಂಥ ಕೂಲಿ ಅಂತಾರೆ. ಬೇರೆಯವರ ಮನೆ ಕೆಲಸಕ್ಕೆ ಹೋದರೆ ಆ ಕೂಲಿ ಸಿಗುತ್ತಿತ್ತು. ಹೆಂಡತಿ ಮರಳು ಕಾಗದ ಉಜ್ಜಿದ ಗಂಟೆಗಳನ್ನೂ ಬರೆಯಿರಿ. ನೋಟ್‌ಬುಕ್ಕಿನಲ್ಲಿ ದಿನಾ ಬರೆಯದಿದ್ದರೆ ಈ ಲೆಕ್ಕ ಯಾವತ್ತೂ ಸರಿ ಬರುವುದಿಲ್ಲ.

ಆರ್ಡರ್ ತಗೊಂಡ್ರೆ ಮುಂಗಡ ಎಷ್ಟು?

ಮರದ ಖರ್ಚು ಪೂರ್ತಿ ಬರುವಷ್ಟು. ಕಾಗದದಲ್ಲಿ ಅಳತೆ, ಮರ, ಕೊಡುವ ದಿನ ಬರೆದು ಇಬ್ಬರೂ ಸಹಿ ಹಾಕಿ. ದಿನ ಹೇಳುವಾಗ ಮರ ಒಣಗುವ ಸಮಯ ಸೇರಿಸಿ ಹೇಳಿ.

ಫೋಟೋ ತೆಗೆದು ಹೋಗಿ ಬೇರೆಯವರ ಹತ್ರ ಮಾಡಿಸ್ತಾರೆ. ತಡೆಯುವುದು ಹೇಗೆ?

ತೊಟ್ಟಿಲು, ಚೆನ್ನೆಮಣೆಯಂಥ ಊರ ಸಾಮಾನಿನ ರೂಪ ಎಲ್ಲರದ್ದು. ಅದನ್ನು ಯಾರೂ ಕಟ್ಟಿಹಾಕಲಾಗದು, ಹಾಕಲೂಬಾರದು. ನಿಮ್ಮದೇ ಹೊಸ ರೂಪ ಆದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. 10 ವರ್ಷ ರಕ್ಷಣೆ, ಮತ್ತೆ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮೊದಲೇ ಪ್ರದರ್ಶನದಲ್ಲಿ ಇಟ್ಟರೆ ಅದು ಹೊಸದು ಅಂತ ಉಳಿಯುವುದಿಲ್ಲ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಮಳಿಗೆ.

## ಗಡಿ ದಾಟುವವರು, ಇನ್ನೂ ಒಳಗೆ ಹೋಗುವವರು ಕೇಳುವುದು

ತಲಪಾಡಿ ದಾಟಿ ಮಂಗಳೂರು, ಬೆಂಗಳೂರಿಗೆ ತಗೊಂಡು ಹೋಗಲು ಎಂತ ಕಾಗದ ಬೇಕು?

ಮಂಗಳೂರು ನಮಗೆ ಪಕ್ಕದ ಪೇಟೆ, ಆದರೆ ತೆರಿಗೆಯ ಲೆಕ್ಕದಲ್ಲಿ ಬೇರೆ ರಾಜ್ಯ. ಹೊರರಾಜ್ಯಕ್ಕೆ ಮಾರುವವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ. ಕರಕುಶಲ ವಸ್ತು ಮಾಡುವವರಿಗೆ ಮಾತ್ರ ವಿನಾಯಿತಿ ಇದೆ: ದೇಶದಲ್ಲಿ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ನೋಂದಣಿ ಇಲ್ಲದೆಯೂ ಹೊರರಾಜ್ಯದಲ್ಲಿ ಮಾರಬಹುದು. ಷರತ್ತು ಎರಡು. ಪ್ಯಾನ್ ಕಾರ್ಡ್ ಇರಬೇಕು, ಇ-ವೇ ಬಿಲ್ (ಸರಕು ಸಾಗಾಟಕ್ಕೆ ಆನ್‌ಲೈನಿನಲ್ಲಿ ಮಾಡುವ ಚೀಟಿ) ಮಾಡಬೇಕು. ಬೇರೆ ಸರಕಿಗೆ 50 ಸಾವಿರ ದಾಟಿದರೆ ಮಾತ್ರ ಇ-ವೇ ಬಿಲ್. ಈ ವಿನಾಯಿತಿ ಪಡೆದವರ ಕರಕುಶಲ ಸರಕಿಗೆ ಬೆಲೆ ಎಷ್ಟೇ ಇರಲಿ, ಬೇಕೇ ಬೇಕು. ಇದು ಗೊತ್ತಿಲ್ಲದೆ ದಾರಿಯಲ್ಲಿ ಸಿಕ್ಕಿಹಾಕಿಕೊಂಡವರಿದ್ದಾರೆ.

ವಿನಾಯಿತಿ ಯಾವ ಯಾವ ವಸ್ತುವಿಗೆ ಎಂಬುದಕ್ಕೆ ಸರ್ಕಾರದ ಪಟ್ಟಿ ಇದೆ. ಕೆತ್ತನೆಯ ಮರದ ಸಾಮಾನು, ಬಿದಿರು, ಚಾಪೆ, ಬುಟ್ಟಿ ಅದರಲ್ಲಿವೆ. ಸಾದಾ ಮೇಜು ಕುರ್ಚಿ ಒಯ್ಯುವವರು ಹೊರಡುವ ಮೊದಲು ತೆರಿಗೆ ಸಲಹೆಗಾರರಿಗೆ ಪಟ್ಟಿ ತೋರಿಸಿ. ನೋಂದಣಿ ಇದ್ದವರಿಗೆ: 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಬಿದಿರು, ಬೆತ್ತದ ಪೀಠೋಪಕರಣಕ್ಕೆ ತೆರಿಗೆ ಶೇಕಡಾ 5, ಮರದ್ದಕ್ಕೆ 18.

ಮರ ಕೊಂಡ ಮಿಲ್ಲಿನ ಬಿಲ್ಲನ್ನೂ ಜೊತೆಗೆ ಇಟ್ಟುಕೊಳ್ಳಿ. ಸೀಳಿದ ಹಲಗೆ, ದಿಮ್ಮಿ ಒಯ್ಯುವುದಾದರೆ ಅರಣ್ಯ ಇಲಾಖೆಯ ಸಾಗಾಟ ಪಾಸಿನ ವಿಷಯ ಬರುತ್ತದೆ. ಅದನ್ನು ರೇಂಜ್ ಕಚೇರಿಯಲ್ಲಿ ಮೊದಲೇ ಕೇಳಿ. ಖಾಸಗಿ ಜಾಗದಲ್ಲಿ ಬೆಳೆದ ಬಿದಿರಿನ ಮೇಲೆ ಕೇಂದ್ರದ ಅರಣ್ಯ ಕಾಯ್ದೆಯ ಕಟ್ಟು 2017ರ ತಿದ್ದುಪಡಿಯಲ್ಲಿ ಹೋಗಿದೆ.

ನಮ್ಮ ಜಾಗದ್ದೇ ಬೀಟೆ ಮರ. ದುಬೈಯಲ್ಲಿರುವವರು ಕೇಳ್ತಿದ್ದಾರೆ, ಮಾಡಿ ಕಳಿಸಬಹುದಾ?

ಮೊದಲ ಪ್ರಶ್ನೆ, ಮರ ನಿಜವಾಗಿ ನಿಮ್ಮದಾ? ಸರ್ಕಾರ ಪಟ್ಟೆ (ಹಕ್ಕುಪತ್ರ) ಕೊಟ್ಟ ಕೆಲವು ಜಾಗಗಳಲ್ಲಿ ಭೂಮಿ ನಿಮ್ಮದಾದರೂ ಬೀಟೆ, ತೇಗ, ಗಂಧ ಸರ್ಕಾರದ್ದಾಗಿಯೇ ಉಳಿದಿರುತ್ತವೆ. ವಯನಾಡಿನ ಮುಟ್ಟಿಲ್‌ನಲ್ಲಿ ಬೀಟೆ ಕಡಿದ ದೊಡ್ಡ ಗಲಾಟೆ 2021ರಲ್ಲಿ ಹೊರಬಂದದ್ದು ಇದೇ ವಿಷಯಕ್ಕೆ. ವಿಲೇಜ್ ಆಫೀಸಿನಲ್ಲಿ ಪಟ್ಟೆಯ ಷರತ್ತು ಓದಿಸಿ, ಅರಣ್ಯ ಇಲಾಖೆಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡ ಮೇಲೆಯೇ ಕೊಡಲಿ ಎತ್ತಿ.

ಎರಡನೆಯದ್ದು ರಫ್ತು. ಬೀಟೆಯ ಕುಲ ಪೂರ್ತಿಯಾಗಿ 2017ರ ಜನವರಿ 2ರಿಂದ ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಸಿದ್ಧ ವಸ್ತುವಾಗಿದ್ದು, ಒಂದು ರವಾನೆಯಲ್ಲಿ ಮರದ ತೂಕ 10 ಕಿಲೋ ಒಳಗಿದ್ದರೆ ಸೈಟಿಸ್ ಪರವಾನಗಿ ಬೇಡ. ಅಂದರೆ ಚೆನ್ನೆಮಣೆ, ಪೆಟ್ಟಿಗೆ, ಕೆತ್ತನೆ ಹೋಗುತ್ತದೆ. ಊಟದ ಮೇಜು ಹೋಗುವುದಿಲ್ಲ, ಅದಕ್ಕೆ ಪರವಾನಗಿ ಬೇಕು. ನನ್ನ ಸಲಹೆ: ದೊಡ್ಡದನ್ನು ಹೆಬ್ಬಲಸಿನಲ್ಲಿ ಮಾಡಿ. ಬೀಟೆ ಬೆಳೆಯುವುದು ತುಂಬಾ ನಿಧಾನ. ನಿಂತ ಮರವನ್ನು ನಿಲ್ಲಲು ಬಿಡಿ.

ಇಲ್ಲಿ ಚಂದ ಇದ್ದ ಮೇಜು ಬೆಂಗಳೂರಿಗೆ ಹೋಗಿ ಸೀಳಿತು. ಎಲ್ಲಿ ತಪ್ಪಿತು?

ಒಣಗಿಸುವುದರಲ್ಲಿ ಒಂದು, ಕಟ್ಟುವುದರಲ್ಲಿ ಒಂದು. ನಮ್ಮ ಮಳೆಗಾಲದಲ್ಲಿ ಮರದೊಳಗಿನ ತೇವ ಶೇಕಡಾ 16ರ ಮೇಲೂ ಹೋಗುತ್ತದೆ. ಬೆಂಗಳೂರಿನ ಮಾರ್ಚ್‌ನಲ್ಲಿ ಮನೆಯೊಳಗಿನ ಮರ 10ಕ್ಕೂ ಕೆಳಗೆ ಇಳಿಯುತ್ತದೆ. ಅಷ್ಟು ತೇವ ಹೋದಾಗ ಅಗಲ ಕುಗ್ಗಲೇಬೇಕು. ಕುಗ್ಗಲು ಜಾಗ ಕೊಡದಿದ್ದರೆ ಸೀಳುತ್ತದೆ.

ಗಾಳಿಯಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬ ಲೆಕ್ಕ ಹಳೆಯದು, ಈಗಲೂ ಒಳ್ಳೆಯದೇ. ನೆರಳಿನಲ್ಲಿ, ಹಲಗೆಗಳ ನಡುವೆ ರೀಪು ಕೊಟ್ಟು, ತುದಿಗಳಿಗೆ ಬಣ್ಣ ಬಳಿದು ಇಡಿ. ತುದಿಯಿಂದ ತೇವ ಬೇಗ ಓಡುವುದರಿಂದಲೇ ಬಿರುಕು ಅಲ್ಲಿಂದ ಶುರುವಾಗುವುದು. ಒಣಗಿದ ಮೇಲೂ ನಮ್ಮ ಗಾಳಿಯಲ್ಲಿ ಇಳಿಯುವುದಕ್ಕೆ ಮಿತಿ ಇದೆ. ಬಯಲುಸೀಮೆಗೆ ಹೋಗುವ ಸಾಮಾನಿಗೆ ಕಿಲ್ನ್‌ನಲ್ಲಿ (ಬಿಸಿಗಾಳಿಯ ಕೋಣೆಯಲ್ಲಿ) ಒಣಗಿಸಿದ ಮರ ತೆಗೆದುಕೊಳ್ಳಿ. ತೇವ ಅಳೆಯುವ ಮೀಟರ್ ಒಂದು ಕೊಂಡುಕೊಳ್ಳಿ, ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಇನ್ನು ಕಟ್ಟುವುದು. ಮೇಜಿನ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟಿಸಬೇಡಿ. ಆಚೀಚೆ ಸರಿಯಲು ಬಿಡುವ ಸಣ್ಣ ಮರದ ತುಂಡು ಹಾಕಿ ಹಿಡಿಸಿ, ಅಥವಾ ಸ್ಕ್ರೂವಿನ ತೂತನ್ನು ಅಡ್ಡಕ್ಕೆ ಉದ್ದ ಮಾಡಿ. ಬಾಗಿಲಿನ ನಡುಹಲಗೆ ಚೌಕಟ್ಟಿನಲ್ಲಿ ಕೊರೆದ ಸಂದಿನಲ್ಲಿ ಸಡಿಲವಾಗಿ ಕೂರಬೇಕು, ಅಂಟು ತಾಗಬಾರದು. ನಮ್ಮ ಹಳೆಯ ಮನೆಯ ಬಾಗಿಲು ನೋಡಿ, ಹಾಗೇ ಇದೆ. ಹಲಗೆ ಆರಿಸುವಾಗ ತುದಿಯ ಉಂಗುರಗಳು ಮೇಲ್ಮೈಗೆ ನೇರವಾಗಿ ನಿಂತಿದ್ದರೆ, ಅಡ್ಡ ಮಲಗಿದ ಉಂಗುರದ ಹಲಗೆಗಿಂತ ಅದು ಸರಿಸುಮಾರು ಅರ್ಧದಷ್ಟೇ ಆಡುತ್ತದೆ. ಅಗಲದ ಮೇಜಿಗೆ ಅಂಥದ್ದನ್ನೇ ಇಡಿ.

ಪಾಲಿಶ್‌ಗೆ ಯಾವುದು ಒಳ್ಳೆಯದು? ಗೇರೆಣ್ಣೆ ಈಗಲೂ ಹಾಕಬಹುದಾ?

ಗೇರು ಸಿಪ್ಪೆಯ ಎಣ್ಣೆ ದೋಣಿಗೆ, ಮಾಡಿನ ಪಕ್ಕಾಸಿಗೆ ಹಾಕುತ್ತಿದ್ದದ್ದು. ಹುಳ, ತೇವ ಎರಡನ್ನೂ ತಡೆಯುತ್ತದೆ. ಹೊರಗಿಡುವ ಬೆಂಚಿನ ಅಡಿಭಾಗಕ್ಕೆ ಈಗಲೂ ನಾನು ಅದನ್ನೇ ಹೇಳುತ್ತೇನೆ. ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಊಟಕ್ಕೆ ತಾಗುವ ಸಾಮಾನಿಗೆ, ಕೂರುವ ಜಾಗಕ್ಕೆ, ಮಕ್ಕಳ ತೊಟ್ಟಿಲಿಗೆ ಬೇಡ.

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಉಜ್ಜುವ ಫ್ರೆಂಚ್ ಪಾಲಿಶ್ ನೋಡಲು ಎಲ್ಲಕ್ಕಿಂತ ಚಂದ, ಗೀರಾದರೆ ಸರಿಮಾಡುವುದೂ ಸುಲಭ. ಆದರೆ ಬಿಸಿ ಚಹಾದ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಟೀಪಾಯಿಗಿಂತ ಕಪಾಟಿಗೆ, ಪೆಟ್ಟಿಗೆಗೆ ಅದು ಸರಿ. ಅಗಸೆ ಎಣ್ಣೆ ಒಣಗುವ ಎಣ್ಣೆ, ಮರದ ಬಣ್ಣ ಆಳವಾಗಿ ಬರುತ್ತದೆ. ಅದರಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ನೀರಲ್ಲಿ ಅದ್ದಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ. ಮರದ ಹೊಟ್ಟು ತುಂಬಿದ ಶೆಡ್ಡಿನಲ್ಲಿ, ಬಟ್ಟೆಯ ಪೆಂಡಾಲಿನಲ್ಲಿ ಇದರ ಬಗ್ಗೆ ಉದಾಸೀನ ಮಾಡಲೇಬೇಡಿ.

ಬಿದಿರಿಗೆ ಹುಳ ಬಾರದ ಹಾಗೆ ಮಾಡಲು ಆಗ್ತದಾ?

ಆಗುತ್ತದೆ. 3-4 ವರ್ಷ ಬಲಿತದ್ದನ್ನೇ ಕಡಿಯಿರಿ, ಮಳೆ ಕಳೆದ ಮೇಲೆ ಕಡಿಯಿರಿ. ಆಗ ಪಿಷ್ಟ ಕಡಿಮೆ ಇರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಮಳೆ ನೀರು ಬಡಿಯುವ ಕಡೆ ಇಟ್ಟರೆ ಆ ಮದ್ದು ತೊಳೆದು ಹೋಗುತ್ತದೆ, ಹಾಗಾಗಿ ಒಳಗಿನ ಸಾಮಾನಿಗೆ ಮಾತ್ರ ಇದು.

ಮಗಳಿಗೆ ಮರದ ಕೆಲಸ ಕಲೀಬೇಕಂತೆ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ತಾರಾ? ಎಲ್ಲಿ?

ಸೇರಿಸಿಕೊಳ್ಳುತ್ತಾರೆ, ಸೇರಿಸಿ. ಐಟಿಐಯಲ್ಲಿ ಬಡಗಿ ಕೆಲಸದ ಕೋರ್ಸ್ ಒಂದು ವರ್ಷದ್ದು. ಕೆತ್ತನೆಯ ಕಡೆ ಮನಸ್ಸಿದ್ದರೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕ್ ನಡೆಸುವ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ. ಮರ, ಕಲ್ಲು, ಲೋಹದ ಕೆತ್ತನೆಯನ್ನು ಉಚಿತವಾಗಿ ಕಲಿಸುತ್ತಾರೆ. ಹೊಸ ಕಾಲದ ಯಂತ್ರ, ಮರದ ವಿಜ್ಞಾನ ಕಲಿಯಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿಗಳಿವೆ.

ಅದಕ್ಕಿಂತ ಮೊದಲು ರಜೆಯಲ್ಲಿ ಊರಿನ ಒಬ್ಬ ಆಚಾರಿಯ ಶೆಡ್ಡಿಗೆ ಕಳಿಸಿ. ಉಳಿ ಮಸೆಯಲು ಕಲಿಯಲಿ. ಮುಂದಿನ ಪ್ರದರ್ಶನದಲ್ಲಿ ಮಳಿಗೆಯಲ್ಲಿ ಕೂರಿಸಿ, ಬಂದವರ ಪ್ರಶ್ನೆಗೆ ಅವಳೇ ಉತ್ತರ ಹೇಳಲಿ. ಅವಳು ಮಾಡಿದ ಮೊದಲ ಮಣೆಯ ಅಡಿಯಲ್ಲೂ ಹೆಸರು ಕೊರೆಸಿ.